ಹನಿ ಹರಡಬೇಕು

...ತಪ್ಪಾಯ್ತು, ತಪ್ಪಾಯ್ತು! ಮತ್ತೆ ಮೊದಲಿನಿಂದ ಹೇಳ್ತೀನಿ. ಕ್ಷಮಿಸು ಅಕ್ಕ, ನನಗೆ ಹೇಳೋಕೇ ಬರಲ್ಲ. ಬಾಲದಿಂದ ಶುರು ಮಾಡಿ ತಲೆ ಎಲ್ಲಿದೆ ಅಂತ ಹುಡುಕ್ತಾ ಕೂರ್ತೀನಿ. ನೀನು ಕೇಳಿದ್ದು ಒಂದೇ ಮಾತು, 'ನನ್ನ ಕ್ಯಾನ್ ರೆಡಿ ಇದೆಯೇನೋ' ಅಂತ. ಅದಕ್ಕೆ ನಾನು 'ಪ್ಲಾಸ್ಟಿಕ್ ಅಂದರೆ ಏನು' ಅನ್ನೋದರಿಂದ ಶುರು ಮಾಡಿದೆ. ನಗು, ನಗು, ನೀನು ನಗೋದು ನೋಡಿ ಎಷ್ಟು ದಿನ ಆಯ್ತು... ರೆಡಿ ಇದೆ ಅಕ್ಕ. ಅಗೋ, ಗೋಡೆ ಪಕ್ಕ ಪೇರಿಸಿರೋದೆಲ್ಲ ನಿನ್ನದೇ. ಹಾಗಂತ ಸುಮ್ಮನೆ 'ರೆಡಿ ಇದೆ, ಎತ್ಕೊಂಡು ಹೋಗು' ಅನ್ನೋಕಾಗುತ್ತಾ? ಏನು ಎತ್ಕೊಂಡು ಹೋಗ್ತಿದ್ದೀಯ ಅಂತ ನಿನಗೂ ಗೊತ್ತಾಗಬೇಡ್ವಾ? ಕೂತ್ಕೊ. ಅದರಲ್ಲಿ ಬೇಡ, ಆ ಕುರ್ಚಿಗೆ ಒಂದು ಕಾಲು ಕುಂಟು. ಇದರಲ್ಲಿ ಕೂತ್ಕೊ. ತಗೋ, ನೀರು ಕುಡಿ. ವ್ಯಾನಿನವನು ಕಾಯಲಿ ಬಿಡು, ಗೇಟಿನ ಹತ್ತಿರ ನೆರಳಿದೆ.

ಹೋದ ಸಲ ಏನಾಯ್ತು? ಮುಖ ಸಿಂಡರಿಸಬೇಡ, ನಿನ್ನ ತಪ್ಪು ಅಂತ ಹೇಳ್ತಿಲ್ಲ. ನೀನು ಕಿತ್ತಳೆ ಸಿಪ್ಪೆ ಎಣ್ಣೆ ತೆಗೆದೆ, ಮಾಮೂಲಿ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿದೆ, ಕಳಿಸಿದೆ. ಯಾರಾದರೂ ಅದನ್ನೇ ಮಾಡ್ತಿದ್ದರು. ಕ್ಯಾನಿಗೆ ತೂತಿರಲಿಲ್ಲ, ಮುಚ್ಚಳ ಸಡಿಲ ಇರಲಿಲ್ಲ. ಆದರೂ ಎಣ್ಣೆ ಹೊರಗೆ! ಹೇಗೆ ಬಂತು? ಪ್ಲಾಸ್ಟಿಕ್ ನಮ್ಮ ಕಣ್ಣಿಗೆ ಗೋಡೆ ಅಕ್ಕ, ಆ ಎಣ್ಣೆಯ ಕಣ್ಣಿಗೆ ಜರಡಿ. ಮೈಯಿಂದ ಬೆವರು ಬಂದ ಹಾಗೆ ಸದ್ದಿಲ್ಲದೆ ಆವಿಯಾಗಿ ಹೊರಗೆ ಹೋಗುತ್ತೆ. ಎಣ್ಣೆ ಹೊರಗೆ ಹೋದಷ್ಟೂ ಕ್ಯಾನಿನ ಹೊಟ್ಟೆ ಒಳಗೆ ಹೋಗುತ್ತೆ. ನಿನ್ನ ಕ್ಯಾನುಗಳು ಹೇಗಾಗಿದ್ದವು? ವಾರಗಟ್ಟಲೆ ಉಪವಾಸ ಬಿದ್ದವರ ಹಾಗೆ, ಹೊಟ್ಟೆ ಬೆನ್ನಿಗೆ ಅಂಟಿಕೊಂಡು! ಲಾರಿಯಲ್ಲಿ ಜೊತೆಗಿದ್ದ ಹಾಸಿಗೆ, ಬಿಸ್ಕತ್ತಿನ ಪೆಟ್ಟಿಗೆ, ಯಾವುದೋ ಶಾಲೆಯ ಬೆಂಚು, ಎಲ್ಲದಕ್ಕೂ ಕಿತ್ತಳೆ ವಾಸನೆ. ಆ ಬೆಂಚಲ್ಲಿ ಕೂತ ಮಕ್ಕಳಿಗೆ ಇಡೀ ದಿನ ಹಸಿವಂತೆ!

ಆಯ್ತು, ನಗೋ ವಿಷಯ ಅಲ್ಲ. ಗೊತ್ತು. ನೆಲ ಒರೆಸೋ ದ್ರಾವಣ ಮಾಡೋ ಆ ಗಿರಾಕಿ ಎಲ್ಲ ವಾಪಸ್ ಕಳಿಸಿದ್ದು ಗೊತ್ತು. 'ಇನ್ನೊಂದೇ ಸಲ ನೋಡ್ತೀನಿ, ಆಮೇಲೆ ನನ್ನ ಬಾಗಿಲಿಗೆ ಬರಬೇಡಿ' ಅಂದಿದ್ದೂ ಗೊತ್ತು. ಅವನು ಕೈಬಿಟ್ಟರೆ ನಿನ್ನ ಶೆಡ್ಡಿಗೆ ಬೀಗ. ಸಿಪ್ಪೆ ಹಿಂಡೋ ಆ ಹೆಂಗಸರೆಲ್ಲ ಮನೆಗೆ. ನೀನು ಭಾವನ ಮುಂದೆ ಕೈಕಟ್ಟಿ ನಿಲ್ಲಬೇಕು, 'ನಾನು ಆವತ್ತೇ ಹೇಳಿದ್ದೆ' ಅನ್ನೋಕೆ ಅವರಂತೂ ತುದಿಗಾಲಲ್ಲಿ ನಿಂತಿದ್ದಾರೆ. ಎಲ್ಲ ಗೊತ್ತಿದ್ದೇ ನಾನು ಹೇಳಿದ್ದು, 'ಅಕ್ಕ, ಈ ಸಲ ಕ್ಯಾನು ನನ್ನ ಜವಾಬ್ದಾರಿ' ಅಂತ. ಹೇಳಿದ್ದೆ ತಾನೆ? ಹ್ಞಾ.

ಈಗ ಕೇಳು, ನಾವು ಏನು ಮಾಡ್ತೀವಿ ಅಂದ್ರೆ... ಆ ಕಿಟಕಿ ಆಚೆ ನೋಡು. ಸ್ಟೀಲಿನ ದೊಡ್ಡ ಬೀರು ಥರ ಇದೆಯಲ್ಲ, ಅದು ಗ್ಯಾಸ್ ಕೋಣೆ. ಮುಚ್ಚಳ ತೆಗೆದ ಕ್ಯಾನುಗಳನ್ನ ಅದರೊಳಗೆ ಜೋಡಿಸಿ, ಬಾಗಿಲು ಹಾಕಿ, ಗಾಳಿ ಎಲ್ಲ ಹೀರಿ ತೆಗೆದು, ಒಂದು ಖಾರವಾದ ಗ್ಯಾಸ್ ಬಿಡ್ತೀವಿ. ಆ ಗ್ಯಾಸು ಪ್ಲಾಸ್ಟಿಕ್ಕಿನ ಚರ್ಮವನ್ನೇ ಬದಲಾಯಿಸಿಬಿಡುತ್ತೆ. ಮೇಲಿನ ಚರ್ಮ ಮಾತ್ರ, ಕೂದಲಿಗಿಂತ ಎಷ್ಟೋ ಪಾಲು ತೆಳು. ಅಷ್ಟು ಸಾಕು! ಆಮೇಲೆ ಎಣ್ಣೆ ತಲೆಕೆಳಗಾಗಿ ನಿಂತರೂ ಆಚೆ ಬರೋಕಾಗಲ್ಲ. ಕಾಗದದ ಮೇಲೆ 'ಮೇಲ್ಮೈ ಸಂಸ್ಕರಣೆ' ಅಂತ ಬರೀತೀವಿ. ಇಲ್ಲಿ ಎಲ್ಲರೂ 'ಗ್ಯಾಸ್ ಕೊಡೋದು' ಅಂತಾರೆ. ಹೊಸಬರು ಕೇಳಿಸ್ಕೊಂಡ್ರೆ ಗಾಬರಿ ಬೀಳ್ತಾರೆ, ಅದಕ್ಕೇ ವಿವರಿಸಿ ಹೇಳ್ತಿದ್ದೀನಿ.

ಆಕಳಿಸ್ತಿದ್ದೀಯ. ಬೇಜಾರಾಯ್ತಾ? ತಾಳು, ಒಂದು ಆಟ ತೋರಿಸ್ತೀನಿ. ನಿನ್ನ ಲೋಟ ಕೊಡು ಇಲ್ಲಿ. ಬೆರಳು ಅದ್ದಿದೆ, ನೋಡು. ಈ ಕಸದ ಡಬ್ಬಿ ಇದೆಯಲ್ಲ, ಹಳೇ ಕ್ಯಾನಿನ ತಲೆ ಕತ್ತರಿಸಿ ಮಾಡ್ಕೊಂಡಿದ್ದು. ಮಾಮೂಲಿ ಪ್ಲಾಸ್ಟಿಕ್ಕು, ಗ್ಯಾಸ್ ಕಂಡಿಲ್ಲ. ಇದರ ಮೇಲೆ ಒಂದು ಹನಿ... ಕಂಡ್ಯಾ? ಮುತ್ತಿನ ಹಾಗೆ ಗುಂಡಗೆ ಕೂತಿತು. ನೀರನ್ನ ಮೈಗೆ ತಾಗಿಸ್ಕೊಳ್ಳಲ್ಲ, ಅಷ್ಟು ಜಂಬ. ಈಗ ಈ ಗಾಜಿನ ಬೀರುವಿನಲ್ಲಿರೋ ಕ್ಯಾನ್. ಇದು ಗ್ಯಾಸ್ ಕೊಟ್ಟಿದ್ದು, ಮಾದರಿಗೆ ಅಂತ ಇಟ್ಟಿರೋದು. ಇದರ ಮೇಲೆ ಅದೇ ನೀರು, ಅದೇ ಬೆರಳು... ನೋಡು ನೋಡು! ಹರಡಿತು! ಚಾಪೆ ಬಿಡಿಸಿದ ಹಾಗೆ ಹರಡಿಕೊಳ್ತು! ಗುಂಡಗೆ ನಿಂತರೆ ಮಾಮೂಲಿ, ಹರಡಿದರೆ ಗ್ಯಾಸ್ ಕೊಟ್ಟಿದ್ದು. ಅಷ್ಟೇ ಪರೀಕ್ಷೆ. ಎಂಥಾ ದಡ್ಡರಿಗೂ ಅರ್ಥ ಆಗುತ್ತೆ... ನಿನ್ನನ್ನ ದಡ್ಡಿ ಅನ್ನಲಿಲ್ಲ ಮಾರಾಯ್ತಿ! ಯಾಕೆ ಚಿವುಟ್ತೀಯ? ನನಗೂ ತಲೆ ನರೆತಿದೆ, ಈ ವಿಭಾಗಕ್ಕೆ ನಾನು ಉಸ್ತುವಾರಿ, ಯಾರಾದರೂ ನೋಡಿದರೆ ಏನಂದ್ಕೋತಾರೆ?

ಇಷ್ಟು ಸುಲಭ ಇದ್ದಮೇಲೆ ಇನ್ನೇನು ಬೇಕಿತ್ತು ಹೇಳು. ಆದರೆ ನಮ್ಮ ದೊಡ್ಡ ಸಾಹೇಬರಿಗೆ ಸುಲಭದ್ದು ಏನೂ ಹಿಡಿಸಲ್ಲ. ಮೀಟಿಂಗ್ ಕರೆದರು. 'ಸಂಸ್ಕರಣೆ ಕಣ್ಣಿಗೆ ಕಾಣಲ್ಲ ಅಂದಮೇಲೆ ಗಿರಾಕಿ ಯಾಕೆ ನಂಬಬೇಕು?' ಅಂದರು. ನಾನು ಹನಿಯ ಆಟ ತೋರಿಸಿದೆ. 'ಗಿರಾಕಿ ಲೋಟ ಹಿಡ್ಕೊಂಡು ತಿರುಗಬೇಕೇನ್ರಿ?' ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ... ಅವರು ನಕ್ಕಮೇಲೆ ನಗದೆ ಇರೋಕಾಗುತ್ತಾ? ಕೊನೆಗೆ ತೀರ್ಮಾನ ಆಯ್ತು, ಸ್ಟಿಕರ್ ಹಚ್ಚೋದು. ಹಸಿರು ಬಣ್ಣ, ಮಧ್ಯೆ ಒಂದು ಗುರಾಣಿ, ಕೆಳಗೆ 'ಭದ್ರ ಕವಚ' ಅಂತ. ಆ ಗುರಾಣಿಗೆ ಎಷ್ಟು ಮೀಟಿಂಗು ಅಂತೀಯ! ಮೊದಲು ಬರೆದದ್ದು ಆಮೆ ಥರ ಕಾಣ್ತಿತ್ತು. ಅದಕ್ಕೆ ಒಳಗೆ ಒಂದು ಸಿಂಹ ಹಾಕಿದರು. ಸಿಂಹ ನೆಗಡಿ ಹಿಡಿದ ನಾಯಿ ಥರ ಬಂತು. ಅದರ ಮೂಗು ಸರಿ ಮಾಡೋದಕ್ಕೇ ಒಂದು ಉಪಸಮಿತಿ. ನಾನೂ ಸದಸ್ಯ! ಮೂಗಿನ ಹೊಳ್ಳೆ ಸ್ವಲ್ಪ ಚಿಕ್ಕದಾಗಲಿ ಅಂತ ನಾನೇ ಸೂಚಿಸಿದ್ದು. ಒಪ್ಪಿಕೊಂಡರು.

ಅದೇ ಹೊತ್ತಿಗೆ ಗ್ಯಾಸ್ ಕೋಣೆಯ ಬಾಗಿಲಿನ ರಬ್ಬರ್ ಪಟ್ಟಿ ಬಿರುಕು ಬಿಟ್ಟಿತ್ತು. ಅದೇ ಬಾಗಿಲ ಸಂದಿಗೆ ಇರುತ್ತಲ್ಲ, ಫ್ರಿಜ್ಜಿಗೆ ಇದ್ದ ಹಾಗೆ. ತಮಾಷೆ ಕೇಳು, ಸೋರೋದನ್ನ ನಿಲ್ಲಿಸೋ ಕೋಣೆಯೇ ಸೋರೋದು! ಹೊಸ ಪಟ್ಟಿ ತರಿಸಿ ಅಂತ ನಾನು ಮೇಲೆ ಹೇಳಿದೆ. 'ಒಂದೊಂದಾಗಿ ಮಾಡೋಣ, ಮೊದಲು ಸಿಂಹ ಮುಗೀಲಿ' ಅಂದರು... ಏನು? ಯಾಕೆ ಹಾಗೆ ಕತ್ತು ತಿರುಗಿಸಿ ನೋಡ್ತೀಯ? ಅದು ಆಗಿಹೋದ ವಿಷಯ ಅಕ್ಕ. ಹಳೇದು. ತಮಾಷೆಗೆ ಹೇಳಿದೆ ಅಷ್ಟೆ. ಕೇಳಿಸ್ತಿದೆಯಲ್ಲ, ಗುಂಯ್ ಅಂತ? ಅದೇ ಕೋಣೆ. ನಡೀತಾ ಇದೆ. ಫ್ಯಾನು... ಅಂದ್ರೆ ಫ್ಯಾನೂ ಸೇರಿ ಎಲ್ಲಾ ನಡೀತಾ ಇದೆ.

ಎಲ್ಲಿಗೆ ಬಂದೆ? ಹ್ಞಾ, ಅಂಟೋದು. ಇದೊಂದು ಮುಖ್ಯವಾದ ಮಾತು. ಮಾಮೂಲಿ ಪ್ಲಾಸ್ಟಿಕ್ಕಿಗೆ ನೀರು ಮಾತ್ರ ಅಲ್ಲ, ಏನೂ ಹಿಡಿಯಲ್ಲ. ಶಾಯಿ ಹಚ್ಚು, ಬೆರಳಿಗೇ ಬರುತ್ತೆ. ಬಣ್ಣ ಬಳಿ, ಸಿಪ್ಪೆ ಥರ ಸುಲಿದು ಬರುತ್ತೆ. ಗೋಂದು ಹಾಕು, ಒಣಗಿ ಉದುರುತ್ತೆ. ಗ್ಯಾಸ್ ಕೊಟ್ಟ ಮೇಲೇ ಅದಕ್ಕೆ ನಾಲ್ಕು ಜನರ ಸಂಗ ಬೇಕು ಅನ್ನಿಸೋದು. ಆಮೇಲೆ ಏನು ಬೇಕಾದರೂ ಅಂಟಿಸು, ಉಗುರಲ್ಲಿ ಕೆರೆದರೂ ಬರಲ್ಲ. ನೋಡು, ಈ ಮಾದರಿ ಕ್ಯಾನಿನ ಸಿಂಹ, ಎಳಿ ನೋಡೋಣ. ಎಳಿ! ಬಂತಾ? ಬರಲ್ಲ.

ಯಾವುದು? ಅದಾ... ನಿನ್ನ ಕ್ಯಾನುಗಳ ಸುತ್ತ ಇರೋದು... ರಬ್ಬರ್ ಬ್ಯಾಂಡ್ ಅದು. ಹೌದು, ಎಲ್ಲಕ್ಕೂ ಹಾಕಿದ್ದೀವಿ. ಸ್ಟಿಕರ್ ಮೇಲೇ ಬರೋ ಹಾಗೆ, ಹೌದು. ಯಾಕೆ ಅಂದ್ರೆ... ಅದು ಹೊಸ ಪ್ಯಾಕಿಂಗು. ಅಂದ್ರೆ ಬರೀ ಸ್ಟಿಕರ್ ಇದ್ದರೆ ಸಪ್ಪೆ ಕಾಣುತ್ತೆ. ಒಂದು ಸೊಂಟಪಟ್ಟಿ ಥರ ಇದ್ದರೆ ಲಕ್ಷಣ. ಇನ್ನೂ ಒಂದು ಕಾರಣ ಇದೆ. ಗೋಂದು ಹೊಸದು ನೋಡು, ಹಿಡಿಯೋಕೆ ಸ್ವಲ್ಪ ಸಮಯ ಬೇಕು. ಜೊತೆಗೆ ಈ ಸೆಖೆ. ಜೊತೆಗೆ ಧೂಳು... ನಾಲ್ಕು ಕಾರಣ ಹೇಳಿದೆ ಅಂತ ಬೆರಳು ತೋರಿಸ್ತೀಯಾ? ಇರೋದೇ ನಾಲ್ಕು ಕಾರಣ ಅಕ್ಕ, ನಾನೇನು ಮಾಡಲಿ!

ಹಾಗೆ ನೋಡಬೇಡ. ಥೇಟ್ ಅಮ್ಮನ ಹಾಗೇ ನೋಡ್ತೀಯ. ಅಮ್ಮನೂ ಹೀಗೇ, ಸೆರಗಲ್ಲಿ ಕೈ ಒರೆಸ್ಕೊಳ್ತಾ ನಿಂತುಬಿಡ್ತಿದ್ದಳು. 'ಇವನು ನಿಜ ಹೇಳೋವಾಗ ಒಂದು ಮಾತಲ್ಲಿ ಮುಗಿಸ್ತಾನೆ, ಕಾರಣ ಕೊಡೋಕೆ ಶುರು ಮಾಡಿದ ಅಂದ್ರೆ ಎಲ್ಲೋ ಏನೋ ಒಡೆದಿದ್ದಾನೆ' ಅಂತಿದ್ದಳು. ನೆನಪಿದೆಯಾ? ಪಾಪ, ಅಮ್ಮ... ಈಗ ಆ ಮಾತು ಯಾಕೆ ಬಂತೋ ಕಾಣೆ. ನಾನು ಕಾರಣ ಕೊಡ್ತಿಲ್ಲ, ವಿಷಯ ತಿಳಿಸ್ತಿದ್ದೀನಿ. ಎರಡಕ್ಕೂ ವ್ಯತ್ಯಾಸ ಇದೆ.

ಈಗ ಕಿಟಕಿಯಲ್ಲಿ ಏನು ಕಂಡಿತು? ಕೋಣೆಯ ಬಾಗಿಲಿಗೆ ಅಡ್ಡ ಕಟ್ಟಿರೋದಾ? ಕೆಂಪಗೆ ಇರೋದಾ? ಅದು ರಿಬ್ಬನ್ನು. ಇವತ್ತು ಅತಿಥಿಗಳು ಬರ್ತಾರೆ, ಉದ್ಘಾಟನೆ ಇದೆ, ಕತ್ತರಿಸೋಕೆ ರಿಬ್ಬನ್ ಬೇಡ್ವಾ? ...ಅಕ್ಷರ ಇರಬಹುದು. ನಿನ್ನ ಕಣ್ಣು ಚುರುಕು ಬಿಡು, ಇಷ್ಟು ದೂರದಿಂದ ಓದ್ತೀಯ. 'ಅಪಾಯ, ತೆರೆಯಬಾರದು'... ಹೌದು, ಹಾಗೇ ಇರುತ್ತೆ, ನಮ್ಮ ಸುರಕ್ಷತೆ ಅಧಿಕಾರಿಯ ಟೇಪು ಅದು. ಆ ಮನುಷ್ಯನಿಗೆ ಎಲ್ಲಿ ನೋಡಿದರೂ ಅಪಾಯ, ಕುಡಿಯೋ ನೀರಿನ ಡ್ರಮ್ಮಿಗೂ ಒಂದು ಸಲ ಸುತ್ತಿದ್ದರು. ಸಾಹೇಬರು ನೋಡಿ, 'ಕಟ್ಟಿದ್ದು ಕಟ್ಟಿಯಾಯ್ತು, ಇದನ್ನೇ ಕತ್ತರಿಸೋಣ, ಬೇರೆ ರಿಬ್ಬನ್ ಯಾಕೆ ದಂಡ' ಅಂದರು. ಅತಿಥಿ ಕತ್ತರಿ ಹಿಡಿದಾಗ ಅಕ್ಷರದ ಮೇಲೆ ಹೂವಿನ ಕುಚ್ಚು ಬರೋ ಹಾಗೆ ನೋಡ್ಕೊಳ್ಳೋದು ನನ್ನ ಕೆಲಸ. ಅಂದ್ರೆ ಅದೂ ಒಂದು ಕೆಲಸ. ಬಾಗಿಲು ತೆರೆಯಲ್ಲ, ಕತ್ತರಿಸೋದು ಮಾತ್ರ. ಚಪ್ಪಾಳೆ ತಟ್ಟಿ ತಿಂಡಿಗೆ ಹೋಗ್ತಾರೆ.

ಇವತ್ತು ಯಾಕೆ ಅಂದ್ರೆ... ಹೇಳಿರಲಿಲ್ವಾ? ನಿನಗೆ ಖುಷಿಯಾಗುತ್ತೆ ಅಂತ ಕೊನೆಗೆ ಇಟ್ಕೊಂಡಿದ್ದೆ. 'ಭದ್ರ ಕವಚ'ದ ಮೊದಲ ಗಿರಾಕಿ ನೀನೇ! ಅತಿಥಿ ಕೈಯಿಂದ ನೀನು ಕ್ಯಾನ್ ತಗೊಳ್ಳೋ ಫೋಟೋ. ಆಫೀಸಿನ ಬಾಗಿಲಲ್ಲಿ ಆಳೆತ್ತರ ಹಾಕ್ತಾರೆ. ಪಕ್ಕದಲ್ಲಿ ನಾನೂ ಇರ್ತೀನಿ, ಸ್ವಲ್ಪ ಹಿಂದೆ. ಇದು ಸರಿಯಾಗಿ ನಡೆದರೆ ನನಗೆ ಆ ಕಡೆಯ ಗಾಜಿನ ಕೋಣೆ ಕೊಡ್ತಾರಂತೆ. ಕುಂಟು ಕುರ್ಚಿ ಬಿಟ್ಟು... ನಗಲ್ಲ ನೀನು. ಒಳ್ಳೇ ಸುದ್ದಿ ಹೇಳಿದೆ ಅಕ್ಕ.

ನಾನಾಗಿ ನಿನ್ನ ಹೆಸರು ಹೇಳಲಿಲ್ಲ, ಆಣೆ. ನಾನು ಸಾಹೇಬರಿಗೆ ಎಷ್ಟು ಹೇಳಿದೆ ಗೊತ್ತಾ, 'ಸಾರ್, ಮೊದಲನೇದು ಬೇರೆ ಯಾರಿಗಾದರೂ ಕಳಿಸೋಣ, ನಮ್ಮಕ್ಕನಿಗೆ ಬೇಡ' ಅಂತ. ಕೈ ಮುಗಿದು ಹೇಳಿದೆ... ಯಾಕೆ ಅಂದ್ರೆ? ಯಾಕೆ ಅಂದ್ರೆ... ಪಕ್ಷಪಾತ! ಸ್ವಂತ ಅಕ್ಕನಿಗೆ ಮೊದಲು ಕೊಟ್ಟ ಅಂತ ಜನ ಆಡ್ಕೋಬಾರದಲ್ಲ, ಅದಕ್ಕೆ. ಬೇರೆ ಏನೂ ಅಲ್ಲ. ಅದಕ್ಕೆ ಸಾಹೇಬರು ಎಷ್ಟು ಚೆನ್ನಾಗಿ ಹೇಳಿದರು ಗೊತ್ತಾ? ಹೆಗಲ ಮೇಲೆ ಕೈ ಹಾಕಿ, 'ಬೇರೆಯವರು ಪರೀಕ್ಷೆ ಮಾಡಿಸಿ ತಗೋತಾರೆ ಕಣ್ರೀ. ನಿಮ್ಮಕ್ಕ ನಿಮ್ಮ ಮುಖ ನೋಡಿ ತಗೋತಾರೆ' ಅಂದರು. ನಮ್ಮ ಮನೆಯ ಸಂಬಂಧದ ಬಗ್ಗೆ ಒಬ್ಬ ದೊಡ್ಡ ಮನುಷ್ಯ ಅಷ್ಟು ಒಳ್ಳೇ ಮಾತಾಡಿದ್ದು...

ಅಯ್ಯೋ, ಬಿತ್ತಾ? ಬಿಡು, ಬಿಡು, ನಾನು ಎತ್ಕೋತೀನಿ. ಒಂದು ಸ್ಟಿಕರ್ ಅಷ್ಟೆ. ರಬ್ಬರ್ ಬ್ಯಾಂಡ್ ತುಂಡಾಗಿರಬೇಕು. ಕೊಡು, ಮತ್ತೆ ಹಚ್ಚಿದರೆ... ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಬೇಕು. ಎಂಜಲು ಹಚ್ಚಿ ಒತ್ತಿದರೆ ಇನ್ನೂ... ಬಿತ್ತು. ಹೇಳಿದೆನಲ್ಲ, ಸೆಖೆ. ಇನ್ನೊಂದಾ? ಎಲ್ಲಿ? ಆ ಮೇಲಿನದಾ? ಅದನ್ನ ಮುಟ್ಟಬೇಡ ಅಕ್ಕ, ಅದರ ಮೇಲೆ ಕೈ ಇಟ್ಟರೆ ಸಾಲಾಗಿ... ಬಿದ್ದವು. ಪರವಾಗಿಲ್ಲ, ಪರವಾಗಿಲ್ಲ! ನೆಲ ಗುಡಿಸಿದೆ. ಸಿಂಹ ಮೇಲೆ ಮುಖ ಮಾಡಿ ಬಿದ್ದರೆ ಒಳ್ಳೇ ಶಕುನ. ತುಳಿಯಬೇಡ, ನೆಲಕ್ಕೆ ಗಟ್ಟಿಯಾಗಿ ಅಂಟ್ಕೊಳ್ಳುತ್ತೆ. ಹೌದು... ನೆಲಕ್ಕೆ ಅಂಟುತ್ತೆ. ಗೋಂದು ಒಳ್ಳೇದೇ.

ಕೂತ್ಕೊ ಅಕ್ಕ. ಯಾಕೆ ಎದ್ದೆ? ಕ್ಯಾನ್ ಬೇಕಾ? ನಾನು ತೆಗೆದು ಕೊಡ್ತೀನಿ, ಮಾದರಿ ಕ್ಯಾನ್ ಕೊಡ್ತೀನಿ, ಅದು ಚೆನ್ನಾಗಿದೆ. ಅದು ಬೇಡ್ವಾ? ಮಧ್ಯದಿಂದ ಎಳೀಬೇಡ, ಪೇರಿಸಿದ್ದು ಉರುಳುತ್ತೆ! ಸರಿ, ನಾನೇ ತೆಗೀತೀನಿ. ತಗೋ. ನೋಡು, ನುಣ್ಣಗೆ ಹೊಸದಾಗಿದೆ. ಮೂಗಿಗೆ ಯಾಕೆ ಹಿಡೀತೀಯ, ಖಾಲಿ ಕ್ಯಾನ್ ಅದು. ರಬ್ಬರ್ ಬ್ಯಾಂಡ್ ತೆಗೀಬೇಡ... ತೆಗೆದೆ. ಆಯ್ತು. ಮೇಜಿನ ಮೇಲೆ ಯಾಕೆ ಮಲಗಿಸ್ತಿದ್ದೀಯ? ಲೋಟ... ಆ ನೀರು ಕುಡಿಯೋಕೆ ಕೊಟ್ಟಿದ್ದು ಅಕ್ಕ. ನಾನು ಬೆರಳು ಅದ್ದಿದ ನೀರು, ಚೆಲ್ಲಿ ಬೇರೆ ತಂದ್ಕೊಡ್ತೀನಿ ಇರು. ಇರು ಅಂದೆ! ಅದನ್ನ ಮಾಡೋಕೆ ಒಂದು ಕ್ರಮ ಇದೆ, ನಾನು ಮಾಡಿ ತೋರಿಸ್ತೀನಿ, ನೀನು...

ಹಾಕಿದೆಯಾ.

ಸ್ವಲ್ಪ ಹೊತ್ತು ಬಿಡಬೇಕು. ತಕ್ಷಣ ಗೊತ್ತಾಗಲ್ಲ. ಕೆಲವು ಕ್ಯಾನಿಗೆ ಸಂಕೋಚ ಜಾಸ್ತಿ, ನಿಧಾನಕ್ಕೆ ಹರಡುತ್ತೆ... ನೋಡು, ಈ ಅಂಚಲ್ಲಿ ಸ್ವಲ್ಪ ಹರಡ್ತಾ ಇದೆ. ಇಲ್ವಾ? ಬೆಳಕು ಹಾಗೆ ಬೀಳ್ತಿದೆಯಾ... ಇದೊಂದು ಕ್ಯಾನ್ ಇರಬಹುದು. ಸಾವಿರದಲ್ಲಿ ಒಂದು ಹಾಗಾಗುತ್ತೆ. ಇನ್ನೊಂದು ತಗೋಬೇಡ ಅಕ್ಕ. ಬೇಡ. ಅದೂ ಹೀಗೇ... ಅಂದ್ರೆ ಅದೂ ಹೀಗೇ ಕಾಣಬಹುದು ಅಂದೆ. ಈ ನೀರಲ್ಲೇ ಏನೋ ಇದೆ. ಬೋರ್‌ವೆಲ್ ನೀರು.

ಏನಾದರೂ ಮಾತಾಡು ಅಕ್ಕ. ಬೈಯಬೇಕು ಅನ್ನಿಸಿದರೆ ಬೈಯಿ. ಚಿಕ್ಕವನಿದ್ದಾಗ ಕಿವಿ ಹಿಂಡ್ತಿದ್ದೆಯಲ್ಲ, ಹಿಂಡು... ಹೀಗೆ ಆ ಹನಿಯನ್ನ ನೋಡ್ತಾ ಕೂತರೆ ನಾನು ಏನಂತ ತಿಳ್ಕೊಳ್ಳಲಿ? ನನ್ನನ್ನಾದರೂ ನೋಡು. ಬೇಡ, ನೋಡಬೇಡ. ಹನಿಯನ್ನೇ ನೋಡು.

ಬಂದೆ ಸಾರ್! ...ಕೇಳಿಸ್ತು ಸಾರ್, ಬಂದುಬಿಟ್ರಾ ಅತಿಥಿಗಳು? ಇಲ್ಲ ಸಾರ್, ಇಲ್ಲೇ ಇದ್ದಾರೆ, ನಮ್ಮಕ್ಕ ಇಲ್ಲೇ ಇದ್ದಾರೆ. ಮಾತಾಡ್ತಾ ಇದ್ವಿ... ಹ್ಞಾ ಸಾರ್, ಕುಚ್ಚು ಕಟ್ಟಿದ್ದೀನಿ, ಅಕ್ಷರ ಕಾಣಲ್ಲ! ...ಅಕ್ಕ, ಫೋಟೋದವನು ಬಂದಿದ್ದಾನಂತೆ. ಏಳ್ತೀಯಾ? ಬಂದು ಸುಮ್ಮನೆ ನಿಂತರೆ ಸಾಕು, ನಗೋದೂ ಬೇಡ. ವ್ಯಾನಿನವನಿಗೆ ಕೈಸನ್ನೆ ಮಾಡ್ತಿದ್ದೀಯಾ? ತುಂಬೋಕಾ... ಬೇಡ ಅಂತಲಾ? ಖಾಲಿ ವ್ಯಾನ್ ತಿರುಗಿಸ್ಕೊಂಡ್ರೆ ಅವನಿಗೆ... ನಿನ್ನ ಗಿರಾಕಿಗೆ ಏನು ಹೇಳ್ತೀಯ ಅಕ್ಕ? ಏನು ತುಂಬಿ ಕಳಿಸ್ತೀಯ?

ಮೇಜು ಅಲ್ಲಾಡಿಸಬೇಡ. ಅಲ್ಲಾಡಿಸಿದರೂ... ಅದು ಉರುಳ್ತಾ ಇದೆ ನೋಡು, ಗೋಲಿ ಥರ. ಅದಕ್ಕೂ ಕಾರಣ ಇದೆ. ನಾನು ಹೇಳ್ತೀನಿ, ನೀನು ಒಂದು ನಿಮಿಷ ಬಾಗಿಲ ಹತ್ತಿರ ನಿಲ್ಲು, ಅಷ್ಟೆ... ಬಂದೇಬಿಟ್ಟೆ ಸಾರ್, ಕತ್ತರಿ ನನ್ನ ಜೇಬಲ್ಲೇ ಇದೆ! ...ಅಕ್ಕ, ಕೇಳು, ಆ ಹನಿ ಹಾಗೆ ಗುಂಡಗೆ ಯಾಕೆ ನಿಂತಿದೆ ಅಂದ್ರೆ, ಮೊದಲನೇದಾಗಿ, ಸೆಖೆ. ಎರಡನೇದಾಗಿ...